ಮಗುವಿನ ಹಲ್ಲಿಗೆ ಯಾವ ಡಾಕ್ಟರು?



ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರ ಬಳಿ ಹೋಗಬೇಕೆಂದು ನಿಮಗೆ ಗೊತ್ತಿದೆ. ಕಣ್ಣಿಗೆ ಯಾರು, ಕಿವಿಗೆ ಯಾರು ಎಂಬುದೂ ಗೊತ್ತಿದೆ. ಆದರೆ ನಾಲ್ಕು ವರ್ಷದ ಮಗು ರಾತ್ರಿ ಎರಡು ಗಂಟೆಗೆ ಕೆನ್ನೆ ಹಿಡಿದುಕೊಂಡು ಎದ್ದು ಕುಳಿತರೆ? ಮನೆಯಲ್ಲಿ ಲವಂಗ ಹುಡುಕುತ್ತಾರೆ. ಜ್ವರಕ್ಕೆಂದು ತಂದಿಟ್ಟ ಸಿರಪ್ ಕುಡಿಸುತ್ತಾರೆ. ಬೆಳಗಾಗುವಾಗ ನೋವು ಸ್ವಲ್ಪ ತಗ್ಗಿದರೆ, "ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗುತ್ತದೆ" ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಗೆ ವಿಷಯ ಮುಗಿಯುತ್ತದೆ. ಎರಡು ತಿಂಗಳ ನಂತರ ಅದೇ ಕೆನ್ನೆ ಬಾತುಕೊಂಡಾಗ ಪೇಟೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಕ್ಲಿನಿಕ್ಕಿಗೆ ಓಡುತ್ತಾರೆ.

ಅಲ್ಲಿ ಬೋರ್ಡಿನ ಮೇಲೆ ಹೆಸರಿನ ಮುಂದೆ ಒಂದಷ್ಟು ಅಕ್ಷರಗಳಿರುತ್ತವೆ. ಅವುಗಳ ಅರ್ಥವೇನೆಂದು ನಮ್ಮಲ್ಲಿ ಎಷ್ಟು ಮಂದಿ ಓದಿ ನೋಡುತ್ತೇವೆ? ಚಿನ್ನ ಕೊಳ್ಳುವಾಗ ಹಾಲ್‌ಮಾರ್ಕ್ ನೋಡುವ ನಾವು, ಮಗುವಿನ ಬಾಯಿಯನ್ನು ಒಬ್ಬರ ಕೈಗೆ ಒಪ್ಪಿಸುವಾಗ ಅವರ ಪದವಿಯನ್ನು ನೋಡುವುದಿಲ್ಲ. ಕೇಳುವುದಕ್ಕೆ ಸಂಕೋಚ. ಈ ತಿಂಗಳು ಆ ಸಂಕೋಚವನ್ನು ಬಿಡುವ ಬಗ್ಗೆಯೇ ಮಾತಾಡೋಣ.

ಬಿದ್ದು ಹೋಗುವುದು ನಿಜ, ಆದರೆ ಯಾವಾಗ?

ಮಗುವಿಗೆ ಒಟ್ಟು 20 ಹಾಲುಹಲ್ಲುಗಳು. ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಮೊದಲನೆಯದು ಕಾಣಿಸಿಕೊಂಡು, ಎರಡೂವರೆ ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗುತ್ತವೆ. ಆದರೆ ಹಿಂದಿನ ದವಡೆಯ ಹಾಲುಹಲ್ಲುಗಳು ಬೀಳುವುದು 10ರಿಂದ 12 ವರ್ಷದ ಹೊತ್ತಿಗೆ. ಅಂದರೆ ನಾಲ್ಕು ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ, ಆ ಹಲ್ಲಿನಿಂದ ಮಗು ಇನ್ನೂ ಆರೆಂಟು ವರ್ಷ ಅಗಿದು ತಿನ್ನಬೇಕಾಗಿದೆ.

ಅದನ್ನು ಬೇಗನೆ ಕೀಳಿಸಿದರೆ ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ. ಮುಂದೆ ಬರಬೇಕಾದ ಹಲ್ಲಿಗೆ ಜಾಗ ಸಿಗದೆ ಅದು ಸೊಟ್ಟಗೆ ಬರುತ್ತದೆ ಅಥವಾ ಒಳಗೇ ಉಳಿಯುತ್ತದೆ. ಕೀಳಿಸದೆ ಹಾಗೆಯೇ ಬಿಟ್ಟರೆ ಬೇರಿನಲ್ಲಿ ಕೀವಾಗಿ, ಅದರ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಹಾನಿಯಾಗಬಹುದು. ಇಷ್ಟೇ ಅಲ್ಲ, ನೋವಿರುವ ಮಗು ಒಂದೇ ಬದಿಯಲ್ಲಿ ಅಗಿಯುತ್ತದೆ, ಊಟ ಬಿಡುತ್ತದೆ, ನಿದ್ದೆಗೆಡುತ್ತದೆ. ತರಗತಿಯಲ್ಲಿ ಪಾಠ ಕೇಳದೆ ತೂಕಡಿಸುವ ಮಗುವನ್ನು ಗದರಿಸುವ ಮೊದಲು ಅದರ ಬಾಯಿ ತೆರೆಸಿ ನೋಡುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು. ಆರು ವರ್ಷದ ಹೊತ್ತಿಗೆ, ಕೊನೆಯ ಹಾಲುಹಲ್ಲಿನ ಹಿಂದೆ ಮೇಲೆ ಕೆಳಗೆ ಎರಡೂ ಬದಿಯಲ್ಲಿ ಒಟ್ಟು ನಾಲ್ಕು ದೊಡ್ಡ ದವಡೆಹಲ್ಲುಗಳು ಬರುತ್ತವೆ. ಇವು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲ. ಆದ್ದರಿಂದ ಇವು ಬಂದದ್ದೇ ಮನೆಯವರಿಗೆ ತಿಳಿಯುವುದಿಲ್ಲ. ಅವುಗಳನ್ನೂ ಹಾಲುಹಲ್ಲೆಂದೇ ಭಾವಿಸಿ ಹುಳುಕಾಗಲು ಬಿಡುತ್ತಾರೆ. ಆದರೆ ಇವು ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಬರುವುದಿಲ್ಲ.

ಬೋರ್ಡಿನ ಮೇಲಿನ ಅಕ್ಷರಗಳು

ಈಗ ಪದವಿಗಳ ವಿಷಯಕ್ಕೆ ಬರೋಣ. ಇದು ಕಷ್ಟದ ವಿಷಯವೇನಲ್ಲ.

ನಮ್ಮ ದೇಶದಲ್ಲಿ ಹಲ್ಲಿನ ಡಾಕ್ಟರಾಗಲು ಬೇಕಾದ ಮೂಲ ಪದವಿ ಬಿ.ಡಿ.ಎಸ್., ಅಂದರೆ ಬ್ಯಾಚುಲರ್ ಆಫ್ ಡೆಂಟಲ್ ಸರ್ಜರಿ. 4 ವರ್ಷ ಓದು, ನಂತರ 1 ವರ್ಷ ಇಂಟರ್ನ್‌ಶಿಪ್. ಬಿ.ಡಿ.ಎಸ್. ಮಾಡಿದವರು ಪೂರ್ಣ ಪ್ರಮಾಣದ ದಂತ ವೈದ್ಯರು. ಮಕ್ಕಳ ಹಲ್ಲಿನ ಚಿಕಿತ್ಸೆಯನ್ನೂ ಅವರು ಕಲಿತಿರುತ್ತಾರೆ. "ಬರೀ ಬಿ.ಡಿ.ಎಸ್." ಎಂದು ಕಡೆಗಣಿಸುವುದು ತಪ್ಪು.

ಅದರ ಮೇಲೆ ಮೂರು ವರ್ಷ ಓದಿದರೆ ಎಂ.ಡಿ.ಎಸ್., ಅಂದರೆ ಮಾಸ್ಟರ್ ಆಫ್ ಡೆಂಟಲ್ ಸರ್ಜರಿ. ಹೆಚ್ಚಿನವರು ಎಡವುವುದು ಇಲ್ಲಿಯೇ. "ಅವರು ಎಂ.ಡಿ.ಎಸ್. ಅಂತೆ, ದೊಡ್ಡ ಡಾಕ್ಟರು" ಎಂದು ಕೇಳಿ ಮಗುವನ್ನು ಕರೆದುಕೊಂಡು ಹೋಗುತ್ತಾರೆ. ಆದರೆ ಎಂ.ಡಿ.ಎಸ್. ಎನ್ನುವುದು ಒಂದೇ ಓದಲ್ಲ. ಅದರಲ್ಲಿ 9 ವಿಭಾಗಗಳಿವೆ:

1. ಪ್ರಾಸ್ತೋಡಾಂಟಿಕ್ಸ್: ಕಟ್ಟಿದ ಹಲ್ಲು, ಕ್ಯಾಪ್, ಬ್ರಿಜ್.
2. ಪೆರಿಯೋಡಾಂಟಾಲಜಿ: ಒಸಡಿನ ರೋಗಗಳು.
3. ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ: ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆ.
4. ಕನ್ಸರ್ವೇಟಿವ್ ಡೆಂಟಿಸ್ಟ್ರಿ ಅಂಡ್ ಎಂಡೋಡಾಂಟಿಕ್ಸ್: ಫಿಲ್ಲಿಂಗ್, ರೂಟ್ ಕೆನಾಲ್.
5. ಆರ್ಥೋಡಾಂಟಿಕ್ಸ್: ಸೊಟ್ಟ ಹಲ್ಲು ಸರಿಪಡಿಸುವುದು, ಅಂದರೆ ತಂತಿ ಹಾಕುವವರು. ಮೂಳೆಯ ಆರ್ಥೋ ಡಾಕ್ಟರೇ ಬೇರೆ, ಇವರೇ ಬೇರೆ.
6. ಓರಲ್ ಪೆಥಾಲಜಿ: ಬಾಯಿಯ ರೋಗಗಳ ಪ್ರಯೋಗಾಲಯ ಪರೀಕ್ಷೆ.
7. ಓರಲ್ ಮೆಡಿಸಿನ್ ಅಂಡ್ ರೇಡಿಯಾಲಜಿ: ರೋಗ ಪತ್ತೆ, ಬಾಯಿಹುಣ್ಣು ಮುಂತಾದವು, ಎಕ್ಸ್‌ರೇ.
8. ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ: ಸಮುದಾಯದ ದಂತ ಆರೋಗ್ಯ.
9. ಪೀಡಿಯಾಟ್ರಿಕ್ ಅಂಡ್ ಪ್ರಿವೆಂಟಿವ್ ಡೆಂಟಿಸ್ಟ್ರಿ: ಮಕ್ಕಳ ಹಲ್ಲು.

ನಿಮಗೆ ಬೇಕಾದವರು ಈ ಒಂಬತ್ತನೆಯವರು. ಈ ವಿಭಾಗಕ್ಕೆ ಹಿಂದೆ ಪೀಡೋಡಾಂಟಿಕ್ಸ್ ಎಂಬ ಹೆಸರಿತ್ತು. ಆದ್ದರಿಂದ ಅನೇಕ ಬೋರ್ಡುಗಳಲ್ಲಿ ಇಂದಿಗೂ "ಪೀಡೋಡಾಂಟಿಸ್ಟ್" ಎಂದೇ ಇದೆ. ಎರಡೂ ಒಂದೇ. ಒಸಡಿನ ತಜ್ಞರು ತಮ್ಮ ಕೆಲಸದಲ್ಲಿ ಎಷ್ಟೇ ನುರಿತವರಾಗಿರಲಿ, ಅವರು ಮಕ್ಕಳ ಹಲ್ಲಿನ ತಜ್ಞರಲ್ಲ. ಆದ್ದರಿಂದ ಎಂ.ಡಿ.ಎಸ್. ಎಂದು ಕಂಡಾಗ ಒಂದು ಪ್ರಶ್ನೆ ಕೇಳಿ: "ಡಾಕ್ಟರು ಎಂ.ಡಿ.ಎಸ್. ಮಾಡಿದ್ದು ಯಾವ ವಿಭಾಗದಲ್ಲಿ?" ಫೋನಿನಲ್ಲಿ ಕೇಳಿದರೂ ಸಾಕು. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಕೆಲವು ಬೋರ್ಡುಗಳಲ್ಲಿ ಬಿ.ಡಿ.ಎಸ್. ನಂತರ "ಫೆಲೋಶಿಪ್", "ಸರ್ಟಿಫಿಕೇಟ್" ಎಂದೆಲ್ಲ ಇರುತ್ತದೆ. ಇವು ಹೆಚ್ಚಾಗಿ ಕಡಿಮೆ ಅವಧಿಯ ತರಬೇತಿಗಳು. ಕಲಿತದ್ದು ಒಳ್ಳೆಯದೇ. ಆದರೆ ಮೂರು ವರ್ಷದ ಎಂ.ಡಿ.ಎಸ್.ಗೆ ಅವು ಸಮವಲ್ಲ. ಹಾಗೆಯೇ ಡೆಂಟಲ್ ಹೈಜೀನಿಸ್ಟ್ ಮತ್ತು ಡೆಂಟಲ್ ಮೆಕ್ಯಾನಿಕ್ ಎಂಬವರಿದ್ದಾರೆ. ಒಬ್ಬರು ಹಲ್ಲು ಶುಚಿಗೊಳಿಸುವುದರಲ್ಲಿ ನೆರವಾಗುತ್ತಾರೆ. ಇನ್ನೊಬ್ಬರು ಕಟ್ಟುವ ಹಲ್ಲುಗಳನ್ನು ತಯಾರಿಸುತ್ತಾರೆ. ಇವರು ಡಾಕ್ಟರ ಜೊತೆಗೆ ಕೆಲಸ ಮಾಡಬೇಕಾದವರು, ತಾವೇ ಹಲ್ಲು ಕೀಳುವಂತಿಲ್ಲ, ರೂಟ್ ಕೆನಾಲ್ ಮಾಡುವಂತಿಲ್ಲ.

ನೋಂದಣಿ ಸಂಖ್ಯೆ

ಪದವಿ ಇದ್ದರೆ ಸಾಲದು, ನೋಂದಣಿಯೂ ಇರಬೇಕು. 1948ರ ದಂತ ವೈದ್ಯರ ಕಾಯ್ದೆಯಂತೆ ರಾಜ್ಯಗಳಲ್ಲಿ ದಂತ ವೈದ್ಯಕೀಯ ಮಂಡಳಿಗಳು ರೂಪುಗೊಂಡವು. ಹಳೆಯ ಕಾಯ್ದೆಯ ಜಾಗಕ್ಕೆ ಬರಲೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಕಾಯ್ದೆ ಯಾವುದೇ ಇರಲಿ, ನಿಮ್ಮ ಮಟ್ಟಿಗೆ ವಿಷಯ ಒಂದೇ: ರಾಜ್ಯದ ನೋಂದಣಿ ಪಟ್ಟಿಯಲ್ಲಿ ಹೆಸರಿಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವಂತಿಲ್ಲ. ಎಂ.ಡಿ.ಎಸ್. ಮಾಡಿದವರು ಅದನ್ನೂ ಹೆಚ್ಚುವರಿ ಅರ್ಹತೆಯಾಗಿ ಅಲ್ಲಿ ದಾಖಲಿಸುತ್ತಾರೆ. ಚೀಟಿಯ ಮೇಲೆ, ಬೋರ್ಡಿನ ಮೇಲೆ ಆ ಸಂಖ್ಯೆಯನ್ನು ಹುಡುಕಿ. ಕಾಣದಿದ್ದರೆ ಕೇಳಿ.

ಅಲ್ಲದೆ ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಕ್ಲಿನಿಕ್ಕೂ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ಬಂದವರಿಗೆ ಕಾಣುವಂತೆ ಗೋಡೆಯ ಮೇಲಿರಬೇಕು. ಕಾಯುವ ಹೊತ್ತಿನಲ್ಲಿ ಅತ್ತ ಒಮ್ಮೆ ಕಣ್ಣು ಹಾಯಿಸಿ.

ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಬಳಿ "ಹಲ್ಲಿನ ಹುಳ ತೆಗೆಯುತ್ತೇವೆ" ಎಂದು ಕೂರುವವರ ಬಗ್ಗೆಯೂ ಒಂದು ಮಾತು. ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಹುಳ ಇರುವುದೇ ಇಲ್ಲ. ಬಾಯಿಯಲ್ಲಿರುವ ಸೂಕ್ಷ್ಮ ಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಅವರು ತೆಗೆದು ತೋರಿಸುವ ಹುಳ ಕೈಚಳಕ. ಅವರ ಕೊಳಕು ಇಕ್ಕಳದಿಂದ ಮಗುವಿಗೆ ಬೇರೆ ರೋಗ ಅಂಟಬಹುದು.

ಯಾವಾಗ ಯಾರ ಬಳಿ?

ಎಲ್ಲದಕ್ಕೂ ತಜ್ಞರೇ ಬೇಕೆಂದಿಲ್ಲ. ಅಲುಗಾಡುವ ಹಾಲುಹಲ್ಲು, ಸಣ್ಣ ಫಿಲ್ಲಿಂಗ್, ಆರು ತಿಂಗಳಿಗೊಮ್ಮೆ ತಪಾಸಣೆ, ಇವೆಲ್ಲ ನಿಮ್ಮ ಊರಿನ ಬಿ.ಡಿ.ಎಸ್. ಡಾಕ್ಟರು ಮಾಡಬಲ್ಲರು. ಮಗುವಿನ ಜೊತೆ ತಾಳ್ಮೆಯಿಂದ ನಡೆದುಕೊಳ್ಳುವವರು ಹತ್ತಿರದಲ್ಲೇ ಇದ್ದರೆ ಅದು ನಿಮ್ಮ ಭಾಗ್ಯ.

ಆದರೆ ಮಗು ಮೂರು ವರ್ಷಕ್ಕಿಂತ ಚಿಕ್ಕದಾಗಿದ್ದು ಹಲವು ಹಲ್ಲುಗಳು ಹುಳುಕಾಗಿದ್ದರೆ, ಬೇರಿನವರೆಗೆ ಸೋಂಕು ಹೋಗಿದ್ದರೆ, ಮಗು ಹೆದರಿ ಬಾಯಿಯನ್ನೇ ತೆರೆಯದಿದ್ದರೆ, ಅಥವಾ ಮಗುವಿಗೆ ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟದ ತೊಂದರೆ, ಬುದ್ಧಿ ಬೆಳವಣಿಗೆಯ ಕೊರತೆ, ಆಟಿಸಂ ಇದ್ದರೆ ಮಕ್ಕಳ ದಂತ ತಜ್ಞರನ್ನೇ ಹುಡುಕಿ.

ಕಾರಣವಿದೆ. ಹಾಲುಹಲ್ಲಿನ ರೂಟ್ ಕೆನಾಲ್ ದೊಡ್ಡವರ ರೂಟ್ ಕೆನಾಲ್‌ನಂತಲ್ಲ. ಹಾಲುಹಲ್ಲಿನ ಬೇರು ಮುಂದೆ ತಾನಾಗಿಯೇ ಕರಗಬೇಕು. ಆದ್ದರಿಂದ ಒಳಗೆ ತುಂಬುವ ಮದ್ದೂ ಅದರೊಡನೆ ಕರಗುವಂಥದ್ದಾಗಿರಬೇಕು. ಹುಳುಕು ದೊಡ್ಡದಾಗಿದ್ದರೆ ಅದರ ಮೇಲೆ ಸ್ಟೀಲಿನ ಪುಟ್ಟ ಕ್ಯಾಪ್ ಹಾಕುತ್ತಾರೆ. ಹಲ್ಲನ್ನು ಕೀಳಲೇಬೇಕಾಗಿ ಬಂದರೆ, ಹೊಸದು ಬರುವವರೆಗೆ ಜಾಗ ಕಾಯಲು "ಸ್ಪೇಸ್ ಮೇಂಟೇನರ್" ಎಂಬ ಸಣ್ಣ ತಂತಿ ಕೂರಿಸುತ್ತಾರೆ. ಹೊಸ ದವಡೆಹಲ್ಲಿನ ಗೀರುಗಳನ್ನು ಹುಳುಕು ಹಿಡಿಯುವ ಮೊದಲೇ ಮುಚ್ಚುತ್ತಾರೆ. ಅದಕ್ಕೆ "ಸೀಲೆಂಟ್" ಎನ್ನುತ್ತಾರೆ. ಇನ್ನೊಂದು ವಿದ್ಯೆ, ಹೆದರಿದ ಮಗುವನ್ನು ಒಲಿಸಿಕೊಳ್ಳುವುದು. ಮೊದಲು ಹೇಳುವುದು, ನಂತರ ಉಪಕರಣ ತೋರಿಸುವುದು, ಕೊನೆಗೆ ಮಾಡುವುದು. ಇದನ್ನು ಅವರು ಪಾಠವಾಗಿಯೇ ಕಲಿತಿರುತ್ತಾರೆ.

ತೀರಾ ಚಿಕ್ಕ ಮಗುವಿಗೆ ಅನೇಕ ಹಲ್ಲುಗಳ ಚಿಕಿತ್ಸೆ ಆಗಬೇಕಿದ್ದರೆ ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲ ಮಾಡುವುದುಂಟು. ಅದು ಆಸ್ಪತ್ರೆಯಲ್ಲಿ, ಅರಿವಳಿಕೆ ತಜ್ಞರ ಸಮ್ಮುಖದಲ್ಲಿಯೇ ಆಗಬೇಕು. "ಅರಿವಳಿಕೆ ಕೊಡುವವರು ಯಾರು? ಅವರು ಕೊನೆಯವರೆಗೂ ಇರುತ್ತಾರಾ?" ಎಂದು ಕೇಳದೆ ಸಹಿ ಹಾಕಬೇಡಿ.

ಎಲ್ಲಿ ಹುಡುಕುವುದು?

ನಮ್ಮ ರಾಜ್ಯಕ್ಕೆ ಒಂದು ಅನುಕೂಲವಿದೆ. ಇಲ್ಲಿ ದಂತ ವೈದ್ಯಕೀಯ ಕಾಲೇಜುಗಳು ಹಲವು ಊರುಗಳಲ್ಲಿವೆ. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರಕಾರಿ ಕಾಲೇಜುಗಳಿವೆ. ಮಂಗಳೂರು, ದೇರಳಕಟ್ಟೆ, ಮಣಿಪಾಲ, ಸುಳ್ಯ, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿಗಳಲ್ಲಿ ಖಾಸಗಿ ಕಾಲೇಜುಗಳಿವೆ. ವಿಜಯಪುರದಲ್ಲಿ ಅಲ್ ಅಮೀನ್, ಕಲಬುರಗಿಯಲ್ಲಿ ಅಲ್ ಬದರ್ ದಂತ ಕಾಲೇಜುಗಳಿವೆ. ಇಂಥ ಕಾಲೇಜು ಆಸ್ಪತ್ರೆಗೆ ಹೋಗಿ ಹೊರರೋಗಿ ಚೀಟಿ ಮಾಡಿಸಿ, "ಮಕ್ಕಳ ಹಲ್ಲಿನ ವಿಭಾಗ" ಎಂದರೆ ಸಾಕು. ಅಲ್ಲಿ ಚಿಕಿತ್ಸೆ ಮಾಡುವವರು ಹೆಚ್ಚಾಗಿ ವಿದ್ಯಾರ್ಥಿ ಡಾಕ್ಟರುಗಳು. ಮೇಲ್ವಿಚಾರಣೆಗೆ ಪ್ರಾಧ್ಯಾಪಕರು ಇರುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಎರಡು ಮೂರು ಸಲ ಹೋಗಬೇಕಾಗುತ್ತದೆ, ಆದರೆ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ.

ಕಾಲೇಜು ದೂರವಾದರೆ ತಾಲೂಕು ಅಥವಾ ಜಿಲ್ಲಾ ಸರಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ಬರುವ ತಂಡ ಹಲ್ಲನ್ನೂ ನೋಡುತ್ತದೆ. ಸೀಳು ತುಟಿ, ಸೀಳು ಅಂಗುಳವೂ ಇದರ ಪಟ್ಟಿಯಲ್ಲಿದೆ. ಅವರು ಚೀಟಿ ಬರೆದುಕೊಟ್ಟರೆ ಅದನ್ನು ಮಗುವಿನ ಚೀಲದಲ್ಲೇ ಮರೆಯಬೇಡಿ, ಆಸ್ಪತ್ರೆಗೆ ಹೋಗಿ.

ಸಣ್ಣ ಪೇಟೆಗಳ ಕ್ಲಿನಿಕ್ಕುಗಳಿಗೂ ಮಕ್ಕಳ ತಜ್ಞರು ವಾರಕ್ಕೋ ತಿಂಗಳಿಗೋ ಒಂದು ದಿನ ಬಂದು ಹೋಗುವುದುಂಟು. "ಮಕ್ಕಳ ಹಲ್ಲಿನ ಡಾಕ್ಟರು ಯಾವ ದಿನ ಬರುತ್ತಾರೆ?" ಎಂದು ಕೇಳಿ. ನಿಮ್ಮ ಮಗುವನ್ನು ನೋಡುವ ಮಕ್ಕಳ ವೈದ್ಯರನ್ನೂ ಕೇಳಿ. ಅವರಿಗೆ ಸಾಮಾನ್ಯವಾಗಿ ತಿಳಿದಿರುತ್ತದೆ.

ಗಲ್ಫ್‌ನಲ್ಲಿ ನೆಲೆಸಿರುವ ಸಹೋದರಿಯರಿಗೆ ಇನ್ನೊಂದು ಗೊಂದಲ. ಅಲ್ಲಿನ ಬೋರ್ಡುಗಳಲ್ಲಿ ಡಿ.ಡಿ.ಎಸ್., ಡಿ.ಎಂ.ಡಿ. ಎಂದೂ ಇರುತ್ತದೆ. ಹೆಚ್ಚಾಗಿ ಇವು ನಮ್ಮ ಬಿ.ಡಿ.ಎಸ್.ನಂತೆಯೇ ಹಲ್ಲಿನ ಡಾಕ್ಟರ ಮೂಲ ಪದವಿಗಳು. ಕೇಳಲು ದೊಡ್ಡದೆನಿಸಿದರೂ ತಜ್ಞತೆಯನ್ನು ಸೂಚಿಸುವುದಿಲ್ಲ. ಅಲ್ಲಿ ನೋಡಬೇಕಾದದ್ದು ಲೈಸೆನ್ಸಿನಲ್ಲಿ ಏನು ಬರೆದಿದೆ ಎಂಬುದನ್ನು. ದುಬೈ ಹೆಲ್ತ್ ಅಥಾರಿಟಿ ಕೊಡುವ ಲೈಸೆನ್ಸಿನಲ್ಲಿ ಡಾಕ್ಟರು ಜನರಲ್ ಡೆಂಟಿಸ್ಟೋ ಅಥವಾ ಸ್ಪೆಷಲಿಸ್ಟೋ, ಯಾವ ವಿಭಾಗದ ಸ್ಪೆಷಲಿಸ್ಟ್ ಎಂಬುದು ಇರುತ್ತದೆ. ಸೌದಿಯಲ್ಲಿ ಈ ವರ್ಗೀಕರಣವನ್ನು ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್ ಮಾಡುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಎರಡೇ ವಾರದಲ್ಲಿ ಎಲ್ಲ ಹಲ್ಲಿನ ಕೆಲಸ ಮುಗಿಸಬೇಕೆಂದು ಹೊರಡುವವರು, ಬರುವ ಮೊದಲೇ ಫೋನ್ ಮಾಡಿ ಎಷ್ಟು ಭೇಟಿ ಬೇಕಾಗಬಹುದೆಂದು ಕೇಳಿಕೊಳ್ಳಿ.

ಕುರ್ಚಿಗೆ ಕೂರಿಸುವ ಮೊದಲು

ಚಿಕಿತ್ಸೆಗೆ ಒಪ್ಪುವ ಮೊದಲು ಇಷ್ಟನ್ನು ಕೇಳಿ. ಯಾವ ಹಲ್ಲು, ಹಾಲುಹಲ್ಲೋ ಶಾಶ್ವತದ್ದೋ? ಅದು ಬೀಳಲು ಇನ್ನೆಷ್ಟು ಸಮಯವಿದೆ? ಕೀಳುವುದಾದರೆ ಜಾಗ ಉಳಿಸಲು ಏನು ಮಾಡುತ್ತೀರಿ? ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು? ಖರ್ಚನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದೇ ಸಲಕ್ಕೆ ಏಳೆಂಟು ಹಲ್ಲಿಗೆ ರೂಟ್ ಕೆನಾಲ್ ಎಂದರೆ, ಎಕ್ಸ್‌ರೇ ತೆಗೆದುಕೊಂಡು ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಅದು ನಿಮ್ಮ ಹಕ್ಕು.

ಮನೆಯಲ್ಲಿ "ಹಠ ಮಾಡಿದರೆ ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸುತ್ತೇನೆ" ಎಂದು ಹೆದರಿಸಬೇಡಿ. ಹಾಗೆ ಬೆಳೆದ ಮಗು ಕುರ್ಚಿಯಲ್ಲಿ ಬಾಯಿ ತೆರೆಯುವುದಿಲ್ಲ. "ಏನೂ ನೋವಾಗುವುದಿಲ್ಲ" ಎಂಬ ಸುಳ್ಳೂ ಬೇಡ. "ಡಾಕ್ಟರು ನಿನ್ನ ಹಲ್ಲು ಎಣಿಸುತ್ತಾರೆ" ಎಂದರೆ ಸಾಕು. ಸಾಧ್ಯವಾದಷ್ಟು ಬೆಳಗಿನ ಹೊತ್ತು ಹೋಗಿ, ಸಂಜೆಗೆ ಮಗು ದಣಿದಿರುತ್ತದೆ.

ಮೊದಲ ಭೇಟಿ ನೋವು ಬಂದಾಗ ಆಗಬಾರದು. ಮೊದಲ ಹಲ್ಲು ಬಂದ ಆರು ತಿಂಗಳೊಳಗೆ, ಹೆಚ್ಚೆಂದರೆ ಒಂದು ವರ್ಷ ತುಂಬುವಾಗ ಒಮ್ಮೆ ತೋರಿಸಬೇಕೆಂದು ಮಕ್ಕಳ ದಂತ ತಜ್ಞರು ಹೇಳುತ್ತಾರೆ. ಆಗ ಹೇಳುವ ಮಾತುಗಳು ಮುಂದಿನ ಖರ್ಚನ್ನು ಉಳಿಸುತ್ತವೆ: ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ, ನಿಪ್ಪಲ್‌ಗೆ ಸಕ್ಕರೆ, ಜೇನು ಸವರಬೇಡಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ನೀವೇ ಉಜ್ಜಿಕೊಡಿ ಅಥವಾ ಪಕ್ಕದಲ್ಲಿ ನಿಂತು ಉಜ್ಜಿಸಿ. ಮಿಸ್ವಾಕ್‌ನ ರೂಢಿಯಿರುವ ಮನೆಗಳಲ್ಲಿ ಅದನ್ನು ಬಿಡಬೇಕಾಗಿಲ್ಲ. ಆದರೆ ಮಗುವಿನ ಕೈಯಲ್ಲಿ ಅದು ಹಿಂದಿನ ದವಡೆಗೆ ಸರಿಯಾಗಿ ತಲುಪುವುದು ಕಷ್ಟ, ಆದ್ದರಿಂದ ರಾತ್ರಿ ಮಲಗುವ ಮೊದಲು ಬ್ರಷ್ ಇರಲಿ.

ತಡಮಾಡಬಾರದ ಸಂದರ್ಭಗಳು

ಬಾವು ಕಣ್ಣಿನ ಕಡೆಗೆ ಅಥವಾ ಗಲ್ಲದ ಕೆಳಗೆ ಹರಡಿದರೆ, ಜೊತೆಗೆ ಜ್ವರವಿದ್ದರೆ, ಮಗುವಿಗೆ ನುಂಗಲು ಇಲ್ಲವೇ ಬಾಯಿ ತೆರೆಯಲು ಆಗದಿದ್ದರೆ ಪದವಿ ಹುಡುಕುತ್ತಾ ಕೂರಬೇಡಿ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಕೊಟ್ಟರೆ ನೋವು ಅಡಗಬಹುದು, ರೋಗ ಒಳಗೇ ಇರುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಮಾತ್ರೆಯನ್ನು ಪುಡಿಮಾಡಿ ಹಲ್ಲಿಗೆ ಒತ್ತಿದರೆ ಒಸಡು ಸುಡುತ್ತದೆ.

ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಹೊರಬಂದರೆ, ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ. ಉಜ್ಜಬೇಡಿ. ಲೋಟದಲ್ಲಿ ತಣ್ಣನೆಯ ಹಾಲು ಹಾಕಿ, ಹಲ್ಲನ್ನು ಅದರಲ್ಲಿಟ್ಟು ಕೂಡಲೇ ದಂತ ವೈದ್ಯರ ಬಳಿ ಹೋಗಿ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪಿದರೆ ಅದನ್ನು ಮತ್ತೆ ಕೂರಿಸುವ ಸಾಧ್ಯತೆ ಹೆಚ್ಚು. ಹಾಲುಹಲ್ಲನ್ನು ಹೀಗೆ ಮರಳಿ ಕೂರಿಸುವುದಿಲ್ಲ, ಆದರೂ ಡಾಕ್ಟರಿಗೆ ತೋರಿಸಿ.

ಇಂಥ ಗಳಿಗೆಯಲ್ಲಿ ಡಾಕ್ಟರನ್ನು ಹುಡುಕಲು ಸಮಯವಿರುವುದಿಲ್ಲ. ಆದ್ದರಿಂದ ಸಹೋದರಿಯರೇ, ಮಗುವಿನ ಹಲ್ಲು ಚೆನ್ನಾಗಿರುವಾಗಲೇ ಎರಡು ಕೆಲಸ ಮಾಡಿ. ನಿಮ್ಮ ಹತ್ತಿರದ ದಂತ ವೈದ್ಯರು ಯಾರು, ಮಕ್ಕಳ ಹಲ್ಲಿನ ತಜ್ಞರು ಸಿಗುವ ಸ್ಥಳ ಯಾವುದು ಎಂದು ವಿಚಾರಿಸಿ, ಇಬ್ಬರ ನಂಬರನ್ನೂ ಮನೆಯವರೆಲ್ಲರಿಗೂ ಕಾಣುವಂತೆ ಬರೆದಿಡಿ. ಆಮೇಲೆ ಮಗುವನ್ನು ಬೆಳಕಿನ ಕಡೆಗೆ ತಿರುಗಿಸಿ, ಬಾಯಿ ತೆರೆಸಿ, ಹಿಂದಿನ ದವಡೆಯವರೆಗೂ ನೋಡಿ. ಕಪ್ಪು ಚುಕ್ಕೆ ಕಂಡರೆ ನೋವು ಬರಲಿ ಎಂದು ಕಾಯಬೇಡಿ.